ಮಾಸ್ತರರ ಗೆಳೆಯನ ಗುಳಿಗೆ

ಹುನಗುಂದದಲ್ಲಿ ಔಷಧದ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬಸ್ಸಿಳಿದು ಬರುತ್ತದೆ.

೧. ಊರು ದಾಟಿದ ಕೆಮ್ಮು

ಗಂಡಸುತನದ ಗುಳಿಗೆ ಬೇಕಾದವನು ತನ್ನೂರಿನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಇಳಕಲ್ಲಿನವರು ನನ್ನ ಹತ್ತಿರ ಬರುತ್ತಾರೆ, ನಮ್ಮೂರವರು ಇಳಕಲ್ಲಿಗೆ ಹೋಗುತ್ತಾರೆ. ಬಂದವರು ಮೊದಲು ಕೇಳುವುದು ಕೆಮ್ಮಿನ ಔಷಧ. ನನಗೆ ಅಲ್ಲಿಯೇ ಗುಮಾನಿ. ಬರೀ ಕೆಮ್ಮಿಗೆ ಯಾರು ಬಸ್ಸು ಹತ್ತುತ್ತಾರೆ?

೨. ಗಟ್ಟಿ ಆಳು

ಇಳಕಲ್ಲಿನ ನಿವೃತ್ತ ಮಾಸ್ತರರೊಬ್ಬರು ಬಂದರು. ಕೆಮ್ಮಿನ ಔಷಧ ಕೊಂಡರು, ಮುಲಾಮು ಕೊಂಡರು. ಉಳಿದ ಗಿರಾಕಿಗಳು ಹೋದ ಮೇಲೆ ದನಿ ಇಳಿಸಿದರು.

"ಆ ಗುಳಿಗಿ ಕೊಡ್ರಿ. ನನಗಲ್ಲ, ನನ್ನ ಗೆಳೆಯಾಗ."

"ಡಾಕ್ಟರ್ ಚೀಟಿ ಐತೇನ್ರಿ?"

"ಗೆಳೆಯಾ ಕೊಡೂದು ಮರತಾನ."

"ಅವರಿಗೆ ಎದಿನೋವು ಏನರ ಐತೇನ್ರಿ?"

"ಏ, ಗಟ್ಟಿ ಆಳ್ರಿ ಅಂವ!"

ನನಗೆ ನಂಬಿಕೆ ಬರಲಿಲ್ಲ. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದೆ. ಮಾಸ್ತರರು ಸಿಟ್ಟಿನಿಂದ ಮೆಟ್ಟಿಲು ಇಳಿದವರೇ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು. ಕಿಸೆಯಿಂದ ಸಣ್ಣ ಗುಳಿಗೆ ತೆಗೆದು ನಾಲಿಗೆಯ ಕೆಳಗೆ ಇಟ್ಟುಕೊಂಡರು.

ನಾನು ಅಂಗಡಿಯಿಂದ ಹೊರಗೆ ಓಡಿದೆ. ಅದು ಹೃದಯದ ಗುಳಿಗೆ. ಅದೂ ಇವರು ಕೇಳಿದ್ದೂ ಒಂದೇ ಮೈ ಸೇರಿದರೆ ರಕ್ತದೊತ್ತಡ ಕುಸಿದು ಮನುಷ್ಯನೇ ಹೋಗಬಹುದು.

"ಮಾಸ್ತರ, ಗೆಳೆಯಾ ಆ ಗುಳಿಗಿ ನಿನ್ನೆ ಮೊನ್ನೆ ತಗೊಂಡಾನೇನ್ರಿ? ಖರೆ ಹೇಳ್ರಿ!"

"ಇಲ್ರಿ, ಮುಗದು ಭಾಳ ದಿನ ಆತು."

"ಹಂಗಾರ ಈ ಎದಿ ಗುಳಿಗಿ ಯಾರದ್ರಿ?"

ಮಾಸ್ತರರು ಬೆವರು ಒರೆಸಿಕೊಂಡು, "ಇದೂ ಗೆಳೆಯಾಂದ," ಎಂದರು.

೩. ಮತ್ತೊಂದು ಕೆಮ್ಮು

ಅವರನ್ನು ಆಟೋದಲ್ಲಿ ದವಾಖಾನೆಗೆ ಕರೆದೊಯ್ದೆ, ಚೇತರಿಸಿಕೊಂಡರು. "ಎರಡೂ ಕೂಡಿದ್ರ ಗೆಳೆಯಾ ಉಳಿಯಂಗಿಲ್ಲ, ಹೇಳ್ರಿ ಅವಗ," ಎಂದು ಬೈದೇ ಕಳಿಸಿದೆ. ಆದರೂ ಗುಮಾನಿ ಹೋಗಲಿಲ್ಲ. ಈ ಮನುಷ್ಯ ಬಾಗಲಕೋಟೆ, ಬಾದಾಮಿ ಅಂತ ಬೇರೆ ಬಸ್ಸು ಹತ್ತಿದರೆ?

ಮುಂದಿನ ವಾರ ಇಳಕಲ್ಲಿನ ಬಸ್ಸಿನಿಂದ ವಯಸ್ಸಾದ ಹೆಣ್ಣುಮಗಳೊಬ್ಬಳು ಇಳಿದು ಬಂದು ಕೆಮ್ಮಿನ ಔಷಧ ಕೇಳಿದಳು. ನಾನು ಕಣ್ಣು ಕಿರಿದು ಮಾಡಿದೆ. ಅಂಗಡಿ ಖಾಲಿಯಾಗುವವರೆಗೂ ನಿಂತು ಆಕೆಯೂ ದನಿ ಇಳಿಸಿದಳು.

"ನಾ ಮಾಸ್ತರ ಮನಿಯಾಕಿ. ಅವರ ಗೆಳೆಯಾಗ ನೀವು ಗುಳಿಗಿ ಕೊಡ್ಲಿಲ್ಲಂತಲ್ರಿ? ಮನ್ಯಾಗ ಹೇಳಿ ಹೇಳಿ ಸಿಟ್ಟಾಗ್ತಾರ."

"ಕೊಡಾಕ ಬರಂಗಿಲ್ರಿ ಅಕ್ಕಾರ."

"ಚೊಲೊ ಮಾಡೀರಿ! ಇನ್ನ ಮುಂದೂ ಕೊಡಬ್ಯಾಡ್ರಿ. ನಿಮ್ಮ ಗುರ್ತಿನ ಅಂಗಡಿಯವರಿಗೆಲ್ಲಾ ಹೇಳಿ ಇಡ್ರಿ."

"ಗೆಳೆಯಾನ ಮ್ಯಾಲೆ ನಿಮಗ ಭಾಳ ಕಾಳಜಿ ಐತಿ ಬಿಡ್ರಿ," ಎಂದೆ.

"ಇರಬಾರದೇನ್ರಿ? ಆ ಗೆಳೆಯಾಗ ಏನರ ಆದ್ರ ಕುಂಕುಮ ಅಳಸೂದು ನಂದ!"