ಹಿಮದ ನಾಡಿಗೆ ಹೋದ ಗೋವಳ

ಪೆಟ್ಟಿಗೆಯಲ್ಲಿ ಟೋಪಿ ಇರಲಿಲ್ಲ. ನವಿಲುಗರಿ ಇತ್ತು.

ಸುಶಮೀಂದ್ರ ಇನ್ನೊಮ್ಮೆ ಕೈಹಾಕಿ ತಡಕಿದ. ಪಿಸ್ತೂಲಿನ ಜಾಗದಲ್ಲಿ ಕೊಳಲು, ಚರ್ಮದ ಜಾಕೀಟಿನ ಜಾಗದಲ್ಲಿ ಪೀತಾಂಬರ, ಬೂಟಿನ ಜಾಗದಲ್ಲಿ ಗೆಜ್ಜೆ. ಮಧ್ಯಾಹ್ನ ಎರಡು ಗಂಟೆ. ಸಂಜೆ ಐದಕ್ಕೆ ಚೆನ್ನೈ ಪುರಸೈವಾಕ್ಕಂನ ಇದೇ ಸಭಾಂಗಣದಲ್ಲಿ ವಿಮಾ ಕಚೇರಿ ಕನ್ನಡ ಬಳಗದ ೧೯೯೯ರ ರಾಜ್ಯೋತ್ಸವ ನಾಟಕ.

ಬಳಗದ ನಾಟಕಗಳಲ್ಲಿ ಹನ್ನೊಂದು ವರ್ಷದಿಂದ ಅವನೇ ಕೃಷ್ಣ. ಮೊದಲ ವರ್ಷ ಸಪೂರವಾಗಿದ್ದ, ಕೊಳಲು ಹಿಡಿಯಲು ಬರುತ್ತಿತ್ತು. ಈಗ ಹೊಟ್ಟೆ ಬಂದು, ಕೂದಲು ಹೋಗಿ, ಕೃಷ್ಣ ಮಾತ್ರ ಉಳಿದುಕೊಂಡಿದ್ದ. ಕಚೇರಿಯ ಅಂಕಿಅಂಶ ವಿಭಾಗದಲ್ಲಿ ಫೈಲು ತಡವಾದರೂ ಮ್ಯಾನೇಜರು, "ಪರಮಾತ್ಮಾ, ಒಂದು ಸಹಿ ಅನುಗ್ರಹಿಸಿ" ಎನ್ನುತ್ತಿದ್ದರು. ಭೌತಶಾಸ್ತ್ರ ಓದಿದ ಸುಶಮೀಂದ್ರನಿಗೆ ಒಂದೇ ಆಸೆ: ಜೀವನದಲ್ಲಿ ಒಮ್ಮೆಯಾದರೂ ರಂಗದ ಮೇಲೆ ಬರೀ ಮನುಷ್ಯನಾಗಿ ನಿಲ್ಲಬೇಕು. ಪವಾಡ ಬೇಡ, ಚಕ್ರ ಬೇಡ. ತನ್ನ ಬಲದಿಂದ ತಾನು ನ್ಯಾಯ ಕೇಳುವ ಮನುಷ್ಯ.

ಅದಕ್ಕೇ ಈ ಸಲ ನಾಟಕವನ್ನು ತಾನೇ ಬರೆದಿದ್ದ. ಒಬ್ಬ ಕೌಬಾಯ್. ಯಜಮಾನನ ತಮ್ಮ ಬೇಟೆಗೆ ಹೋದವನು ಹೆಣವಾಗುತ್ತಾನೆ. ಅವನ ಕೊರಳಲ್ಲಿದ್ದ ಹರಳು ಮಾಯ. ಊರೆಲ್ಲ ಕೌಬಾಯ್ ಕಡೆಗೇ ಬೆರಳು ತೋರಿಸುತ್ತದೆ. ಅಪವಾದ ಕಳೆದುಕೊಳ್ಳಲು ಅವನು ಹೆಜ್ಜೆ ಗುರುತು ಹಿಡಿದು ಉತ್ತರದ ಹಿಮದ ಕಾಡಿಗೆ ಹೋಗುತ್ತಾನೆ. ಅಲ್ಲಿ ಗುಹೆಯಲ್ಲಿ ತುಪ್ಪಳದ ಬೇಟೆಗಾರರು. ಅವರ ನಾಯಕನೊಡನೆ ಹೊಡೆದಾಟ. ಸೋತ ನಾಯಕ ಹರಳನ್ನೂ ಕೊಟ್ಟು ಮಗಳನ್ನೂ ಕೊಡುತ್ತಾನೆ. "ಪೂರ್ತಿ ನನ್ನ ಸ್ವಂತ ಕಲ್ಪನೆ" ಎಂದು ಸಮಿತಿಗೆ ಎದೆತಟ್ಟಿ ಹೇಳಿದ್ದ.

ಹಿಮವನ್ನು ಅವನು ಕಂಡವನಲ್ಲ. ಬರೆಯುವ ಮೊದಲು ಬಸ್ಸು ಹತ್ತಿ ರಾಯಪುರಂನ ಮೀನು ಬಂದರಿಗೆ ಹೋಗಿ ಮಂಜುಗಡ್ಡೆಯ ದಿಮ್ಮಿಗಳ ಮುಂದೆ ನಿಂತಿದ್ದ. ಆಳೆತ್ತರದ ದಿಮ್ಮಿ ಉಸಿರಾಡುವಂತೆ ತಣ್ಣಗೆ ಹೊಗೆಯಾಡುತ್ತಿತ್ತು. ಒಳಗೆ ಎಂದೋ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು, ಹೆಪ್ಪುಗಟ್ಟಿದ ನಕ್ಷತ್ರಗಳ ಹಾಗೆ. ಒಂದು ದಿಮ್ಮಿಯೇ ಹೀಗಾದರೆ ಒಂದು ಕಾಡು ಹೇಗಿದ್ದೀತು? ಕಾಲು ಗಂಟೆ ಮೈನವಿರೆದ್ದು ನಿಂತಿದ್ದ. ಮೀನುಗಾರರು ಸುತ್ತಿ ಹಾಯ್ದು ಹೋಗುತ್ತಿದ್ದರು.

"ಇರೋದನ್ನೇ ಹಾಕ್ಕೊಳ್ಳೋ ಮಾರಾಯ" ಎಂದ ಕಿಟ್ಟಣ್ಣ. ಪಕ್ಕದ ಮೇಜಿನ ಗುಮಾಸ್ತ, ನಾಟಕದ ನಿರ್ದೇಶಕ, ಬೇಟೆಗಾರರ ನಾಯಕನೂ ಅವನೇ. "ಹನ್ನೊಂದು ವರ್ಷದ ಅಭ್ಯಾಸ ಇದೆ ನಿಂಗೆ."

"ಹಿಮ ಬೀಳೋ ಕಡೆ ಪೀತಾಂಬರ ಉಟ್ರೆ ನ್ಯುಮೋನಿಯಾ ಬರತ್ತೆ, ಕಿಟ್ಟಣ್ಣ!"

"ನನ್ನ ಪಾಡು ನೋಡು ಸ್ವಲ್ಪ." ಕಿಟ್ಟಣ್ಣ ತನ್ನ ಗಂಟು ಬಿಚ್ಚಿದ. ತುಪ್ಪಳದ ಕೋಟಲ್ಲ, ಬಾಲ, ಉಗುರು, ಹಲ್ಲು ಸಮೇತ ಇಡೀ ಕರಡಿ. "ಇದರೊಳಗೆ ಕೂತು ಡೈಲಾಗ್ ಹೇಳಿದ್ರೆ ನಂಗೇ ಕೇಳಿಸಲ್ಲ."

"ಎಲ್ಲಾ ಆ ಕಾಂತಪ್ಪನ ಕೆಲಸ! ಅಚ್ಚ ಕನ್ನಡದಲ್ಲಿ ಪಟ್ಟಿ ಬರ್ದು, ನಾಟಕದ ಪ್ರತೀನೂ ಲಗತ್ತಿಸಿ ಕೊಟ್ಟಿದ್ದೆ. ಇವತ್ತು ಅವನೋ, ನಾನೋ."

ಕಾಂತಪ್ಪ ಬಳ್ಳಾರಿಯ ನಾಟಕ ಕಂಪನಿಯಿಂದ ಬಂದು ರಾಯಪುರಂನಲ್ಲಿ ವೇಷಭೂಷಣದ ಅಂಗಡಿ ಇಟ್ಟವನು. ಸುಶಮೀಂದ್ರ ನವಿಲುಗರಿಯನ್ನು ಸಾಕ್ಷಿಯೆಂದು ಕೈಯಲ್ಲಿ ಹಿಡಿದು ಸುರಿಯುವ ಮಳೆಯಲ್ಲಿ ಆಟೋ ಹತ್ತಿದ. ಚಾಲಕ ಗರಿಯನ್ನು ನೋಡಿದ, ಕಣ್ಣಿಗೊತ್ತಿಕೊಂಡ, ಕೇಳದೆಯೇ ಮೀಟರು ಹಾಕಿದ. ಚೆನ್ನೈಯಲ್ಲಿ ಇದಕ್ಕಿಂತ ದೊಡ್ಡ ಪವಾಡವಿಲ್ಲ. ಪವಾಡ ಬೇಡವೆಂದವನು ತುಟಿ ಕಚ್ಚಿ ಕೂತ.

ಅಂಗಡಿಗೆ ಬೀಗ. ಪಕ್ಕದ ಒಣಮೀನಿನ ಹೆಂಗಸು ಬುಟ್ಟಿ ಮುಚ್ಚುತ್ತ, "ಕಾಂದಪ್ಪನಾ? ಏದೋ ಕನ್ನಡ ನಾಟಕಮಾಂ, ಪಾಕ್ಕ ಪೋಯಿಟ್ಟಾರು. ಸಾಮಿ ನಾಟಕಮಾಂ" ಎಂದಳು. ಕಾಂತಪ್ಪ ಆಗಲೇ ಅಂಗಡಿ ಮುಚ್ಚಿ ದೇವರ ನಾಟಕ ನೋಡಲು ಹೊರಟಾಗಿತ್ತು.

"ಸಾಮಿ ನಾಟಕ ಅಲ್ಲಮ್ಮಾ!" ಎಂದು ಸುಶಮೀಂದ್ರ ಗರಿ ಬೀಸಿದ. ಆಕೆ ಅದಕ್ಕೂ ಕೈಮುಗಿದಳು.

ಪುರಸೈವಾಕ್ಕಂಗೆ ಮರಳಿ ನಾಲ್ಕು ಅಂಗಡಿ ಹತ್ತಿಳಿದದ್ದಕ್ಕೆ ಸಿಕ್ಕಿದ್ದು ಗುಲಾಬಿ ರಿಬ್ಬನ್ನಿನ ಹೆಂಗಸರ ಹುಲ್ಲುಟೋಪಿ. ರಿಬ್ಬನ್ ಕಿತ್ತು ತಲೆಗಿಟ್ಟುಕೊಂಡ. ಎರಡು ಬೀದಿ ದಾಟುವಷ್ಟರಲ್ಲಿ ಟೋಪಿ ಮಳೆಗೆ ನೆನೆದು, ಹುಳಿಗೆ ಬಿದ್ದ ಹಪ್ಪಳದಂತೆ ಎರಡೂ ಕಿವಿಯ ಮೇಲೆ ಇಳಿಬಿತ್ತು.

ಐದಕ್ಕೆ ಹತ್ತು ನಿಮಿಷ. ಹೆಂಡತಿ ಜಯಲಕ್ಷ್ಮೀ ಪೀತಾಂಬರದ ಕಚ್ಚೆ ಬಿಗಿದಳು. "ಚಳಿ ಅಂತ ಅನ್ನಿಸಿದ್ರೆ ಮೇಲೊಂದು ಸ್ವೆಟರ್ ಹಾಕ್ಕೊಳ್ಳಿ."

"ಮಾತು ನನ್ನದು, ಜಯಾ. ಮಾತಿನಿಂದಲೇ ಕೌಬಾಯ್ ಕಾಣೋ ಹಾಗೆ ಮಾಡ್ತೀನಿ, ನೋಡ್ತಿರು."

ತೆರೆ ಸರಿಯಿತು. ಮೇಲಿನಿಂದ ಥರ್ಮೋಕೋಲಿನ ಹಿಮ ಉದುರಿತು. ಗುಹೆಯ ಬಾಯಲ್ಲಿ ಮೂರು ಕರಡಿಗಳು. ಸುಶಮೀಂದ್ರ ಕಾಲು ಅಗಲಿಸಿ ನಿಂತು, ಸೊಂಟದ ಕೊಳಲಿನ ಮೇಲೆ ಕೈಯಿಟ್ಟು, ಎದೆಯಾಳದಿಂದ ಗುಡುಗಿದ:

"ಮಾಡದ ಕಳವಿನ ಅಪವಾದ ಹೊತ್ತು, ಹೆಜ್ಜೆಯ ಗುರುತು ಹಿಡಿದು ಈ ಗುಹೆಗೆ ಬಂದಿದ್ದೇನೆ. ಆ ಹರಳೆಲ್ಲಿ? ನನಗೆ ನ್ಯಾಯ ಬೇಕು!"

ಮುಂದಿನ ಸಾಲಿನಲ್ಲಿ ಜಯಲಕ್ಷ್ಮಿಯ ಪಕ್ಕ ಕೂತಿದ್ದ ಬಳಗದ ಹಿರಿಯರು, ಎಂಬತ್ತು ದಾಟಿದ ಅಂಬುಜಮ್ಮ, ಕೋಲೂರಿ ಎದ್ದು ನಿಂತರು. ಅವರ ಮನೆತನ ಐದು ತಲೆಮಾರಿನಿಂದ ಮದರಾಸಿನದು.

"ಪಾರುಡೀ, ನೋಡೇ ಜಯಾ! ಶಮಂತಕ ಮಣಿ ಹುಡುಕ್ಕೊಂಡು ಜಾಂಬವಂತನ ಗುಹೆಗೇ ಬಂದುಬಿಟ್ಟಾನಲ್ಲಾ, ನಮ್ಮ ಕೃಷ್ಣ!"

ಅವರು ಕೈಮುಗಿದರು. ಅವರ ಹಿಂದಿನ ಸಾಲು ಎದ್ದಿತು, ಅದರ ಹಿಂದಿನದೂ ಎದ್ದಿತು.

ಸುಶಮೀಂದ್ರ ತನ್ನ ಕಥೆಯನ್ನು ಮನಸ್ಸಿನಲ್ಲೇ ಎಣಿಸಿದ. ಅಪವಾದ. ಬೇಟೆಗೆ ಹೋದ ತಮ್ಮ. ಗುಹೆ, ಕರಡಿ, ಮಗಳು. ಪ್ರತಿ ಚೌತಿಯ ದಿನ ಚಂದ್ರನನ್ನು ನೋಡಿದ ದೋಷ ತಟ್ಟದಿರಲೆಂದು ಅಮ್ಮ ಅವನ ಕೈಗೆ ಅಕ್ಷತೆ ಕೊಟ್ಟು ಇದೇ ಕಥೆ ಓದುತ್ತಿದ್ದಳು. ಅವನು ಕಡುಬು ತಿಂದು ತೂಕಡಿಸುತ್ತಿದ್ದ. ನಲವತ್ತೊಂದು ವರ್ಷ ತೂಕಡಿಸಿದ್ದು ಒಳಗೆ ಎಲ್ಲೋ ಹೆಪ್ಪುಗಟ್ಟಿ ಕೂತಿತ್ತು, ಮಂಜಿನ ದಿಮ್ಮಿಯೊಳಗಿನ ಆ ಗುಳ್ಳೆಗಳ ಹಾಗೆ. ಯಾವ ಕಾಲದ ಉಸಿರೋ! ತನ್ನದೆಂದುಕೊಂಡದ್ದರಲ್ಲಿ ತನ್ನದೇನೂ ಇಲ್ಲವೆಂದು ತಿಳಿದಾಗ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಂದರಿನಲ್ಲಿ ಆದಂತೆ ಮೈನವಿರೆದ್ದಿತು.

ಅವನು ಸುಮ್ಮನೆ ನಿಂತದ್ದನ್ನು ಕಂಡ ಕಿಟ್ಟಣ್ಣ ಕರಡಿಯೊಳಗಿಂದಲೇ ಸಮಯಪ್ರಜ್ಞೆ ತೋರಿದ. ಧಡಾರನೆ ಕಾಲಿಗೆ ಬಿದ್ದು, "ತ್ರೇತಾಯುಗದ ನನ್ನ ರಾಮಾ! ನೀನೇ ಏನು, ಪ್ರಭೂ!" ಎಂದು ಊಳಿಟ್ಟ. ಚಪ್ಪಾಳೆಗೆ ಉಳಿದ ಹಿಮವೂ ಉದುರಿತು. ಯಾರೋ ಕರ್ಪೂರ ಹಚ್ಚಿದರು. ಅದು ಥರ್ಮೋಕೋಲಿಗೆ ತಗುಲದಿದ್ದದ್ದೇ ಪುಣ್ಯ.

ತೆರೆ ಬಿದ್ದಮೇಲೆ ಕಾಂತಪ್ಪ ಕಣ್ಣೊರೆಸಿಕೊಳ್ಳುತ್ತ ಬಣ್ಣದ ಕೋಣೆಗೆ ಬಂದ. ಸುಶಮೀಂದ್ರ ಅವನ ತೋಳು ಹಿಡಿದ. "ನಾನು ಬರ್ದಿದ್ದೇನು ಕಾಂತಪ್ಪ, ನೀನು ಕಳಿಸಿದ್ದೇನು? ನಂಗೆ ನ್ಯಾಯ ಬೇಕು!"

ಕಾಂತಪ್ಪ ಜೇಬಿನಿಂದ ಚೀಟಿ ತೆಗೆದ. ದುಂಡನೆಯ, ಒಂದು ಒತ್ತಕ್ಷರವೂ ತಪ್ಪದ ಬರಹ: 'ಗೋವಳ, ಒಬ್ಬ. ಅವನಿಗೆ ಶಿರೋಭೂಷಣ, ಒಂದು. ಮೈಗೆ ಉಡುಪು, ಒಂದು. ಕಾಲಿಗೆ ತೊಡುಗೆ, ಒಂದು ಜೊತೆ. ಸೊಂಟಕ್ಕೆ ಸಿಕ್ಕಿಸುವ ಕಿರುನಳಿಗೆ, ಒಂದು. ಕರಡಿ ತೊಗಲು, ಮೂರು.'

ಬಳಗದ ಕಾಗದದಲ್ಲಿ ಒಂದೂ ಇಂಗ್ಲಿಷ್ ಪದ ಇರಕೂಡದೆಂದು ಎರಡು ವರ್ಷದ ಹಿಂದೆ ಹಟ ಹಿಡಿದು ನಿಯಮ ಮಾಡಿಸಿದವನು ಸುಶಮೀಂದ್ರನೇ.

"ಗೋವಳಗ ನಳಿಗಿ ಅಂದ್ರ ಕೊಳಲಲ್ಲೇನ್ರೀ ಸಾಹೇಬ್ರ?" ಎಂದ ಕಾಂತಪ್ಪ. "ಕಥೀನೂ ಓದಿದೆ. ಎಲ್ಲೂ ಕೃಷ್ಣ ಅಂತ ಹೆಸರು ಹಾಕದ ಕೃಷ್ಣನ ಕಥೀ ಬರದೀರಿ! ಇಂಥಾ ಭಕ್ತಿ ನಾ ಎಲ್ಲೂ ಕಂಡಿಲ್ರೀ." ಬಗ್ಗಿ ಪಾದ ಮುಟ್ಟಿದ.

ಅಪರಾಧಿಯ ಕೈಬರಹ ಎದುರಿಗಿದ್ದಾಗ ಕೌಬಾಯ್ ಇನ್ನೇನು ನ್ಯಾಯ ಕೇಳಿಯಾನು?

ಶ್ರೇಷ್ಠ ನಟ ಬಹುಮಾನ ಕರಡಿಗೆ ಹೋಯಿತು. ಮುಂದಿನ ವರ್ಷವೂ ಸುಶಮೀಂದ್ರನೇ ಕೃಷ್ಣ ಎಂದು ಅಂಬುಜಮ್ಮ ಮೈಕಿನಲ್ಲಿ ಘೋಷಿಸಿದರು. ಕಾಂತಪ್ಪ ನವಿಲುಗರಿಯನ್ನು ಕಾಣಿಕೆಯಾಗಿ ಬಿಟ್ಟುಕೊಟ್ಟ.

ಮನೆಗೆ ಹೋಗುವ ಬಸ್ಸಿನಲ್ಲಿ ಸುಶಮೀಂದ್ರ ಗರಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದ. ಇದ್ದಕ್ಕಿದ್ದಂತೆ ಅವನ ಮುಖ ಬೆಳಗಿತು.

"ಜಯಾ, ಹೊಳೀತು! ಮುಂದಿನ ವರ್ಷ ಒಬ್ಬ ಡ್ರೈವರ್ ಕಥೆ. ಬರೀ ಸಾಮಾನ್ಯ ಡ್ರೈವರ್. ದೊಡ್ಡ ಹೊಡೆದಾಟಕ್ಕೆ ಅಂತ ಅವನ ಗಾಡಿ ಹತ್ತಿದ ಒಬ್ಬ, ಆ ಕಡೆ ನಿಂತಿರೋರೆಲ್ಲ ತನ್ನ ನೆಂಟರೇ ಅಂತ ನೋಡಿ, ನಡುದಾರೀಲಿ ಕೈಕಾಲು ನಡುಗಿ, ನನ್ನ ಕೈಲಾಗಲ್ಲ ಅಂತಾನೆ. ಡ್ರೈವರ್ ಗಾಡಿ ನಿಲ್ಲಿಸಿ ನಿಧಾನವಾಗಿ ಬುದ್ಧಿ ಹೇಳ್ತಾನೆ. ಪೂರ್ತಿ ನನ್ನ ಸ್ವಂತ ಕಲ್ಪನೆ!"

ಜಯಲಕ್ಷ್ಮೀ ಅವನ ಕೈಯಲ್ಲಿದ್ದ ನವಿಲುಗರಿಯನ್ನು ಮೆಲ್ಲಗೆ ತೆಗೆದುಕೊಂಡು, ಮುರಿಯದ ಹಾಗೆ ಸೆರಗಿನಲ್ಲಿ ಸುತ್ತಿ, ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡಳು.

"ಗಾಡಿಗೆ ಕುದುರೆ ಎಷ್ಟು ಬೇಕು ಅಂತ ಮಾತ್ರ ಕಾಂತಪ್ಪನಿಗೆ ಈಗ್ಲೇ ಹೇಳಿಡಿ" ಎಂದಳು.