ಭಾವನ ಸಿಆರ್‌ಪಿ

ಹುಣಸೂರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟುಕೊಂಡವನು ನಗೋಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಸೂಜಿ ಕಂಡ ತಕ್ಷಣ ಮನೆದೇವರನ್ನ ಕೂಗೋರು, ತಮ್ಮ ಉಚ್ಚೆ ಬದಲು ಹೆಂಡತೀದು ತಂದುಕೊಡೋರು, ದಿನಾ ಒಬ್ಬರಾದರೂ ಸಿಗ್ತಾರೆ. ಆದರೆ ಈಗ ಹೇಳೋದೆಲ್ಲ ನಮ್ಮ ಭಾವನ ಕಥೆ. ನೆನೆಸಿಕೊಂಡರೆ ನಗು ಬರುತ್ತೆ, ಹೊಟ್ಟೇನೂ ಉರಿಯುತ್ತೆ.

೧. ಯಾವ ಸಿಆರ್‌ಪಿ?

ಭಾವ ಕಂಪಲಾಪುರದ ಹತ್ತಿರ ಒಂದು ಹಳ್ಳಿಯಲ್ಲಿ ಹೆಡ್‌ಮೇಷ್ಟ್ರು. ಬೀಡಿ ಸೇದದೆ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸದು. ಬಿಪಿ ಇದೆ ಅಂತ ಅಕ್ಕ ಅವರನ್ನ ಹುಣಸೂರಿಗೆ ಎಳೆದುಕೊಂಡು ಬಂದಳು. ಡಾಕ್ಟರು ಹೇಳಿದ ಒಂದು ಪರೀಕ್ಷೆಗೆ ರಕ್ತವನ್ನ ಮೈಸೂರಿಗೆ ಕಳಿಸಿದ್ದೆ. ಫಲಿತಾಂಶ ಬಂತು.

"ಭಾವ, ನಿಮ್ಮ ಸಿಆರ್‌ಪಿ ಜಾಸ್ತಿ ಆಗಿದೆ" ಅಂದೆ.

ಭಾವ ತೊಡೆ ತಟ್ಟಿದರು. "ಸದ್ಯ, ನಿಂಗಾದ್ರೂ ಗೊತ್ತಾಯ್ತಲ್ಲ! ವಾರದಲ್ಲಿ ಎರಡು ಸಲ ಬತ್ತಾನೆ ಕಣಯ್ಯ. ಬಂದೇಟ್ಗೆ ಆ ಚಾರ್ಟ್ ಎಲ್ಲಿ, ಈ ಚಾರ್ಟ್ ಎಲ್ಲಿ ಅಂತ ಪ್ರಾಣ ತಿಂತಾನೆ."

ಸುತ್ತಲಿನ ಶಾಲೆಗಳನ್ನ ನೋಡಿಕೊಳ್ಳೋಕೆ ಇಲಾಖೆ ಹಾಕಿದ್ದ ಸಾಹೇಬರನ್ನೂ ಸಿಆರ್‌ಪಿ ಅಂತಲೇ ಕರೀತಿದ್ದರು. "ಅದಲ್ಲ ಭಾವ, ಇದು ರಕ್ತದಲ್ಲಿ ಇರೋದು" ಅಂದೆ.

"ಅದೂ ಸರೀನೇ ಬುಡು. ರಕ್ತ ಹೀರ್ತಾನಲ್ಲ!"

೨. ಉರಿಗೆ ಹರಳೆಣ್ಣೆ

ಡಾಕ್ಟರು ಬಿಡಿಸಿ ಹೇಳಿದರು: "ಮೇಷ್ಟ್ರೇ, ಮೈಯೊಳಗೆ ಎಲ್ಲೋ ಉರಿಯೂತ ಇದೆ ಅನ್ನೋದಕ್ಕೆ ಇದು ಗುರುತು. ನೆಗಡಿ, ಜ್ವರ ಬಂದರೂ ಏರುತ್ತೆ. ಅದಕ್ಕೇ ಎರಡು ವಾರ ಬಿಟ್ಟು ಇನ್ನೊಂದು ಸಲ ನೋಡೋಣ. ಆಗಲೂ ಇಳೀದೇ ಇದ್ದರೆ, ಬಿಪಿ, ಬೀಡಿ ಎಲ್ಲ ಸೇರಿ ಹೃದಯಕ್ಕೆ ಅಪಾಯ. ಮೊದಲು ಬೀಡಿ ಬಿಡಿ."

ಭಾವನ ಕಿವಿಗೆ ಬಿದ್ದಿದ್ದು 'ಉರಿ' ಒಂದೇ. ಉರಿ ಅಂದರೆ ಉಷ್ಣ, ಉಷ್ಣಕ್ಕೆ ಹರಳೆಣ್ಣೆ. ದಿನಾ ಎಳನೀರು, ಮಜ್ಜಿಗೆ, ನೆತ್ತಿಗೆ, ಮೈಕೈಗೆಲ್ಲ ಎಣ್ಣೆ. ಎರಡನೇ ಸಲ ರಕ್ತ ಕೊಡೋಕೆ ಬಂದಾಗ ತೋಳಿಗೆ ಕಟ್ಟಿದ ರಬ್ಬರ್ ಪಟ್ಟಿ ಜಾರಿ ಮಣಿಕಟ್ಟಿಗೆ ಬಂತು. ಸಿಆರ್‌ಪಿ ಮಾತ್ರ ಇಳಿದಿರಲಿಲ್ಲ.

"ಇಳೀನಿಲ್ವಾ? ಅಂಗಾರೆ ಎಣ್ಣೆ ಕಲಬೆರಕೆ ಕಣಯ್ಯ!"

ಮೈಸೂರಿಗೆ ಹೋಗಿ ಹೃದಯ ತೋರಿಸಿ ಅಂತ ಡಾಕ್ಟರು ಚೀಟಿ ಬರೆದುಕೊಟ್ಟರು. ಹೊಲದಲ್ಲಿ ಹೊಗೆಸೊಪ್ಪಿನ ಕೆಲಸ ಮುಗೀಲಿ, ಹೋಗ್ತೀನಿ ಅಂದರು ಭಾವ.

೩. ಮನೇದು

ಒಂದು ದಿನ ಭಾವ ಲ್ಯಾಬಿಗೆ ನುಗ್ಗಿ, "ಬೀಡಿ ಬುಟ್ಬುಟ್ಟೆ!" ಅಂತ ಸಾರಿದರು. ನನಗೆ ಎಷ್ಟು ಖುಷಿಯಾಯಿತು ಅಂದರೆ ಓಡಿಹೋಗಿ ಮೈಸೂರ್‌ಪಾಕ್ ತಂದೆ. ತಿಂದು ಕೈ ಒರೆಸಿಕೊಂಡು ಜೇಬಿನಿಂದ ಒಂದು ಕಾಗದದ ಸುರುಳಿ ತೆಗೆದು ಹಚ್ಚಿದರು. ಒಳಗೆ ಅವರದೇ ಹೊಲದ, ಅವರದೇ ಬ್ಯಾರನ್ ಗೂಡಿನಲ್ಲಿ ಬೆಂಕಿ ಕಾವಿಗೆ ಹದ ಮಾಡಿದ ಹೊಗೆಸೊಪ್ಪು.

"ಭಾವ!" ಅಂದೆ.

"ಅಂಗಡಿ ಹಾಲಿಗಿಂತ ಮನೆ ಹಾಲು ಒಳ್ಳೇದು ತಾನೆ? ಇದೂ ಅಂಗೇಯ."

೪. ಕಮ್ಮಿ ಮಾಡಿದವರು

ಸೊಪ್ಪಿನ ಕೆಲಸ ಮುಗಿಯೋ ಹೊತ್ತಿಗೆ ಭಾವನೇ ಇರಲಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಎದೆ ಹಿಡಿದುಕೊಂಡು ಶಾಲೆ ಜಗಲಿ ಮೇಲೆ ಕೂತವರು ಏಳಲಿಲ್ಲ. ಅವರನ್ನ ಮೈಸೂರಿನ ಬಸ್ಸು ಹತ್ತಿಸೋಕೆ ನಮ್ಮಲ್ಲಿ ಒಬ್ಬರ ಕೈಲೂ ಆಗಲಿಲ್ಲವಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತೆ.

ತಿಥಿಯ ದಿನ ಶಾಲೆಯ ಸಿಆರ್‌ಪಿ ಸಾಹೇಬರೂ ಬಂದರು. ಅಕ್ಕನ ಮುಂದೆ ಕೈಮುಗಿದು ನಿಂತು ಗಳಗಳ ಅತ್ತುಬಿಟ್ಟರು.

"ಮೇಷ್ಟ್ರು ಲ್ಯಾಬಿನ ಚೀಟಿ ತೋರಿಸಿದ್ರು ಕಣಮ್ಮ. 'ನೋಡಿ ಸಾರ್, ಸಿಆರ್‌ಪಿ ಜಾಸ್ತಿ ಆಗೈತೆ, ಕಮ್ಮಿ ಆಗ್ದಿದ್ರೆ ಹೃದಯಕ್ಕೆ ಅಪಾಯ ಅಂತ ಡಾಕ್ಟ್ರೇ ಹೇಳವ್ರೆ' ಅಂದ್ರು. ನನ್ನಿಂದ ಒಂದು ಜೀವಕ್ಕೆ ಯಾಕೆ ತೊಂದ್ರೆ ಅಂತ ಅವತ್ತಿಂದ ನಾನು ಆ ಶಾಲೆ ಕಡೆ ತಲೇನೇ ಹಾಕ್ನಿಲ್ಲ. ಅಷ್ಟು ಕಮ್ಮಿ ಮಾಡಿದ್ರೂ ಹೋಗ್ಬುಟ್ರಲ್ಲಮ್ಮ!"

ಪಂಕ್ತಿಯಲ್ಲಿ ಕೂತವರೆಲ್ಲ ನಗು ಮುಚ್ಚಿಕೊಳ್ಳೋಕೆ ತಲೆ ಬಗ್ಗಿಸಿದರು. ಮೊದಲು ನಕ್ಕಿದ್ದು ಅಕ್ಕ. ಭಾವ ಹೋದಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಗ್ತಾ ನಗ್ತಾನೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೀವೇನೋ ಕಮ್ಮಿ ಮಾಡಿದ್ರಿ ಸಾ. ಆ ಹೊಗೆ ಒಂದನ್ನ ಅವರು ಕಮ್ಮಿ ಮಾಡ್ನಿಲ್ವಲ್ಲ."