ದಯವಿಟ್ಟು ಎಂದಿನಂತೆ ಹಾಳಾಗಿ

ತೊಂದರೆ ಶುರುವಾಗಿದ್ದು ಒಂದು ಗೆರೆಯಿಂದ. ಏರಬೇಕಾದಲ್ಲಿ ಏರದೆ, ಇಳಿಯಬೇಕಾದಲ್ಲಿ ಇಳಿಯದೆ, ಇಸ್ತ್ರಿ ಹಾಕಿದ ಹಾಗೆ ಕಂಪ್ಯೂಟರ್ ಪರದೆಯ ಮೇಲೆ ಚಪ್ಪಟೆಯಾಗಿ ಮಲಗಿದ್ದ ಗೆರೆ.

"ಏನ್ರೀ ಇದು?" ಎಂದರು ಮೇಡಂ.

ಮೇಡಂ ಎಂದರೆ, ಜನ ಇಂಟರ್ನೆಟ್ಟಿನಲ್ಲಿ ಹೇಗೆ ನಡೆದುಕೊಳ್ಳುತ್ತಾರೆಂದು ಅಳೆಯುವ ಸಂಸ್ಥೆಯ ಮುಖ್ಯಸ್ಥೆ. ಎದುರಿಗೆ ಕೈಕಟ್ಟಿ ನಿಂತವನು ಅಲ್ಲಿಯ ತಾತ್ಕಾಲಿಕ ನೌಕರ. ಅವನ ಕಟ್ಟಡದವರು ಅವನಿಗೆ ಅಳತೆಯಪ್ಪ ಎಂದು ಹೆಸರಿಟ್ಟಿದ್ದರು; ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಅಳೆಸಿಕೊಳ್ಳಲು ಬೇರೆ ಯಾರೂ ಸಿಗದೆ ಅವನು ಕಟ್ಟಡದವರನ್ನೇ ಕಾಡಿ ಬೇಡಿ, ಎಲ್ಲರ ಫೋನಿಗೂ ಅಳತೆಯ ಆ್ಯಪ್ ಹಾಕಿಸಿದ್ದ. ಯಾರು ಏನು ನೋಡಿದರು, ಎಷ್ಟು ಹೊತ್ತು ನೋಡಿದರು, ಯಾರ ಜೊತೆ ಕಿತ್ತಾಡಿದರು ಎಂಬುದೆಲ್ಲ ನೇರ ಮೇಡಂ ಪರದೆಗೆ ಬರುತ್ತಿತ್ತು.

"ಎರಡು ವಾರದಿಂದ ನಿಮ್ಮ ಕಟ್ಟಡದಲ್ಲಿ ಒಬ್ರೂ ಒಂದು ತಮಾಷೆ ವಿಡಿಯೋ ನೋಡಿಲ್ಲ. ಒಬ್ರೂ ಯಾರಿಗೂ ಬೈದಿಲ್ಲ. ಬರೀ ಜೇನುಹುಳದ ಜೀವನ, ಧ್ಯಾನ, ಕಾನೂನು! ಇವ್ರು ಮನುಷ್ಯರೇನಾ? ಇಲ್ಲ, ನೀವೇ ಮನೇಲಿ ಕೂತು ಸುಳ್ಳು ಲೆಕ್ಕ ಸೃಷ್ಟಿ ಮಾಡಿದ್ದೀರಾ?"

"ಅಯ್ಯೋ, ನನ್ನಾಣೆಗೂ ಇಲ್ಲ ಮೇಡಂ!"

"ಆಣೆಗೀಣೆ ಬೇಡ. ಸಂಜೆಯೊಳಗೆ ಇವರು ಮನುಷ್ಯರು ಅಂತ ನನಗೆ ಗೊತ್ತಾಗ್ಬೇಕು. ಆಯ್ತು ಅಂದ್ರೆ ನಿಮ್ಮ ಕೆಲಸ ಕಾಯಂ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ."

ಕಾಯಂ ಎಂಬ ಮಾತು ಕೇಳಿದರೆ ಸಾಕು, ಅಳತೆಯಪ್ಪನ ಕಣ್ಣು ತುಂಬಿ ಬರುತ್ತಿತ್ತು. ಎಷ್ಟೋ ವರ್ಷದಿಂದ ಅವನು ಕಾದಿದ್ದು ಅದೊಂದಕ್ಕೇ. ಹೆಂಡತಿಯಂತೂ ಕೆಲಸ ಕಾಯಂ ಆಗಿಯೇ ಹೋಯಿತೆಂದು ತವರಿನವರಿಗೆಲ್ಲ ಸುದ್ದಿ ಮುಟ್ಟಿಸಿಬಿಟ್ಟಿದ್ದಳು. ಬಿದ್ದೆನೋ ಎದ್ದೆನೋ ಎಂದು ಅವನು ಮನೆ ಕಡೆ ಓಡಿದ.

ಕಟ್ಟಡದ ನೆಲಮಹಡಿಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಒಳಗೆ ಒಬ್ಬ ರೋಗಿ ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಒರಗಿದ್ದ. ಅವನ ಮೂಗಿನ ಎದುರಿಗೇ ಡಾಕ್ಟರ ಫೋನನ್ನು ನಿಲ್ಲಿಸಲಾಗಿತ್ತು. ರಾಣಿ ಜೇನು ಮೊಟ್ಟೆ ಇಡುವ ಬಗೆಯನ್ನು ಅದರಲ್ಲಿ ಯಾರೋ ವಿವರಿಸುತ್ತಿದ್ದರು.

"ಡಾಕ್ಟ್ರೇ, ನೀವು ಕುಸ್ತಿ ನೋಡೋರು. ಇದೇನಿದು?"

"ಶ್! ನನ್ನ ಫೋನು ಓದ್ಕೋತಾ ಇದೆ," ಎಂದರು ಡಾಕ್ಟರು. "ನಾನಂತೂ ಇದನ್ನ ನೋಡಲ್ಲಪ್ಪ, ನಿದ್ದೆ ಬರುತ್ತೆ. ಬಾಯಿ ತೆರೆದು ಕೂತೋರಿಗಾದ್ರೆ ಎದ್ದು ಹೋಗೋಕಾಗಲ್ಲ ನೋಡಿ."

ರೋಗಿ ಹತ್ತಿ ತುಂಬಿದ ಬಾಯಲ್ಲಿ "ಆ... ಆ..." ಎಂದ. ಕಾಪಾಡಿ ಎಂಬ ಅರ್ಥ ಅವನ ಕಣ್ಣಲ್ಲೇ ಇತ್ತು.

ಮೊದಲ ಮಹಡಿಯಲ್ಲಿ ನಿವೃತ್ತ ಜಡ್ಜ್ ತಾತ. ಅವರ ಫೋನು ಮೀನಿನ ತೊಟ್ಟಿಗೆ ಒರಗಿ ಕೂತು, ಆಸ್ತಿ ಕಾನೂನನ್ನು ಗಟ್ಟಿಯಾಗಿ ಓದುತ್ತಿತ್ತು. ತಾತ ಬಾಗಿಲಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು.

"ಯಾರಿಗೆ ತಾತ ಈ ಪಾಠ?"

"ಮೀನಿಗೆ. ಇಡೀ ಸರ್ವೀಸಲ್ಲಿ ಇಷ್ಟು ಶಾಂತವಾಗಿ ಕೇಳೋ ವಕೀಲರನ್ನ ನಾನು ನೋಡಿಲ್ಲ. ನನ್ನನ್ನೇನು ಕೇಳ್ತೀಯ? ಮೇಲಿನೋಳ ಅಪ್ಪಣೆ ಇದು."

ಮೇಲಿನೋಳು ಎಂದರೆ ಎರಡನೇ ಮಹಡಿಯಲ್ಲಿದ್ದ, ಕಟ್ಟಡದ ಸಂಘದ ಅಧ್ಯಕ್ಷೆ. ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು. ಯಾರ ಮನೆ ಕಸದ ಬುಟ್ಟಿಯ ಬಣ್ಣ ಯಾವುದಿರಬೇಕು ಎಂಬಲ್ಲಿಗೂ ಆಕೆಯ ಮೂಗು ತೂರುತ್ತಿತ್ತು.

"ಎದುರು ಕಟ್ಟಡದವರನ್ನೂ ನಿಮ್ಮ ಆಫೀಸಿನೋರು ಅಳೀತಾ ಇದ್ದಾರೆ ಅಂತ ನೀವೇ ಬಾಯಿ ಬಿಟ್ರಲ್ಲ!" ಎಂದಳು ಆಕೆ ಸೊಂಟದ ಮೇಲೆ ಕೈಯಿಟ್ಟು. "ಅವರ ಮುಂದೆ ನಮ್ಮ ಮಾನ ಹೋಗ್ಬೇಕಾ? ಎಲ್ರೂ ನೆಟ್ಟಗಿರಿ ಅಂದೆ. ಇದ್ದಾರೆ. ಅದಕ್ಕೂ ತಪ್ಪಾ?"

"ತಾಯಿ, ನಿಮ್ಮ ಕಾಲಿಗೆ ಬೀಳ್ತೀನಿ. ದಯವಿಟ್ಟು ಎಲ್ರೂ ಎಂದಿನ ಹಾಗೇ ಹಾಳಾಗಿ!"

"ನಾನು ಅಧ್ಯಕ್ಷೆಯಾಗಿರೋ ತನಕ ಅದು ಸಾಧ್ಯವಿಲ್ಲ."

ಅಳತೆಯಪ್ಪನಿಗೆ ಹುಟ್ಟಿದಾರಭ್ಯ ಹೊಳೆಯದಿದ್ದ ಒಂದು ಸುಳ್ಳು ಆಗ ಹೊಳೆಯಿತು. ದನಿ ತಗ್ಗಿಸಿ ಹೇಳಿದ: "ಹಾಗಾದ್ರೆ ಎದುರು ಕಟ್ಟಡದೋರೇ ಗೆದ್ದರು ಬಿಡಿ. ಅಂಕ ಕೊಡೋದು ಸಹಜವಾಗಿರೋರಿಗೆ. ಅವರು ಕಾಲಹರಣದಲ್ಲಿ ನಮಗಿಂತ ಎಷ್ಟೋ ಮುಂದಿದ್ದಾರೆ."

ಅಧ್ಯಕ್ಷೆಯ ಮುಖ ಕೆಂಪಾಯಿತು. "ಅವರಾ? ನಮಗಿಂತಾ? ಮೊದಲೇ ಬೊಗಳಬಾರ್ದಿತ್ತಾ! ಕಾಲಹರಣದಲ್ಲಿ ನಾವ್ಯಾರಿಗೆ ಕಡಿಮೆ?" ಎಂದವಳೇ ಮೆಟ್ಟಿಲ ಬಳಿ ಬಂದು ಕಟ್ಟಡ ನಡುಗುವಂತೆ ಕೂಗಿದಳು: "ಎಲ್ರೂ ಕೇಳಿ! ಈ ಕ್ಷಣದಿಂದ ಎಲ್ರೂ ಹಾಳಾಗ್ಬೇಕು! ಹಿಂದೆ ಬಿದ್ದೋರಿಗೆ ನೀರು ಬಿಡಲ್ಲ!"

ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ! ಡಾಕ್ಟರು ಇಕ್ಕಳ ಕೆಳಗಿಟ್ಟು ಕುಸ್ತಿ ಹಚ್ಚಿದರು. ರೋಗಿಯೂ ಎದ್ದು ಕೂತು, ಮರಗಟ್ಟಿದ ಬಾಯಲ್ಲೇ "ಹಾಕು! ಹಾಕು!" ಎಂದು ಕುಣಿದ. ಮೂರು ಮಹಡಿಯಲ್ಲೂ ಹಾಡು, ನಗು, ಗುದ್ದಾಟ. ಜನ ಮೆಟ್ಟಿಲಲ್ಲಿ ಅಳತೆಯಪ್ಪನನ್ನು ಅಡ್ಡಗಟ್ಟಿ ಸಲಹೆ ಕೇಳತೊಡಗಿದರು. ಬೇಡದ ಚಪ್ಪಲಿ ಹುಡುಕಿದರೆ ಅಂಕ ಬರುತ್ತದೆಯೇ? ಹಳೇ ಗೆಳತಿಯ ಫೋಟೋ ನೋಡಿದರೆ? ಅವಳ ಗಂಡನದ್ದೂ ನೋಡಿದರೆ?

"ನೋಡಿ, ನೋಡಿ! ಎಲ್ಲಾದಕ್ಕೂ ಇದೆ!" ಎನ್ನುತ್ತ ಅವನು ಮೇಲೆ ಕೆಳಗೆ ಓಡಾಡಿದ. ಹಿಗ್ಗಿ ಹೀರೇಕಾಯಿಯಾಗಿದ್ದ.

ಅಷ್ಟರಲ್ಲಿ ಜಡ್ಜ್ ತಾತ ಹಲ್ಲು ಕಡಿಯುತ್ತ ಹೊರಬಂದರು. "ಲೋ, ಇಲ್ಲೊಬ್ಬ ಮೂರ್ಖ ನೋಡೋ. ಬೆಕ್ಕಿನ ಮರಿ ವಿಡಿಯೋ ಕೆಳಗೆ 'ಮುದ್ದು ಕಂದ' ಅಂತ ಬರ್ದಿದ್ದಾನೆ. ಅದು ಮರಿಯಲ್ಲ, ಕೊಬ್ಬಿದ ಗಂಡು ಬೆಕ್ಕು ಅಂತ ನಾನು ತಿದ್ದಿದ್ರೆ, ನನಗೇ ಕಣ್ಣು ಪರೀಕ್ಷೆ ಮಾಡಿಸ್ಕೋ ಅಂತಾನೆ!"

ಮರುಗಳಿಗೆಯಲ್ಲೇ ಮೇಲಿನಿಂದ ಅಧ್ಯಕ್ಷೆಯ ದನಿ: "ಅಳತೆಯಪ್ನೋರೇ! ಯಾವನೋ ಕಣ್ಣು ಕಾಣದೋನು ನನ್ನ ಮುದ್ದು ಬೆಕ್ಕಿನ ಮರಿಗೆ ಕೊಬ್ಬು ಅಂತಿದ್ದಾನ್ರೀ! ಬಿಡಲ್ಲ ಇವನನ್ನ!"

ಆ ಜಗಳ ನಡೆಯುತ್ತಿದ್ದುದು ಇವರಿಬ್ಬರ ನಡುವೆಯೇ. ಹಾಗೆಂದು ಹೇಳುವುದು ಅಳತೆಯಪ್ಪನ ಧರ್ಮವಾಗಿತ್ತು, ನಿಜ. ಆದರೆ ಕೆಲಸ ಕಾಯಂ ಆಗಬೇಕಿತ್ತಲ್ಲ. ಕೆಳಗೆ ಬಗ್ಗಿ "ಬಿಡ್ಬೇಡಿ ತಾತ!" ಎಂದ. ಮೇಲೆ ನೋಡಿ "ಜಾಡಿಸಿ ತಾಯಿ!" ಎಂದ.

ಸಂಜೆ ಫೋನು ಬಂತು. ಮೇಡಂ ದನಿಯಲ್ಲಿ ಖುಷಿ ಉಕ್ಕುತ್ತಿತ್ತು.

"ಅದ್ಭುತ ಕಣ್ರೀ! ಎರಡು ವಾರ ಸಂಯಮ, ಆಮೇಲೆ ಒಂದೇ ಮಧ್ಯಾಹ್ನ ಕಟ್ಟೆ ಒಡೆದ ಹಾಗೆ! ಇದರ ಮೇಲೆ ನಾನೊಂದು ಹೊಸ ಸಿದ್ಧಾಂತ ಬರ್ದೆ. ದೊಡ್ಡ ಸಮ್ಮೇಳನಕ್ಕೆ ಕಳಿಸಿಯೂ ಆಯ್ತು, ಅವರು ಒಪ್ಪಿಯೂ ಆಯ್ತು!"

"ಹಾಗಾದ್ರೆ ನನ್ನ ಕೆಲಸ, ಮೇಡಂ..."

"ಅದೇ ಹೇಳ್ಬೇಕು. ಕಾಯಂ ಮಾಡೋ ಮುಂಚೆ ನೌಕರರನ್ನೂ ಅಳೆಯೋದು ನಮ್ಮ ನಿಯಮ. ನಿಮ್ಮ ಖಾತೆ ತೆಗೆದು ನೋಡಿ ಎದೆ ಹಿಡ್ಕೊಂಡೆ. ಈ ಎರಡು ವಾರ ಆಫೀಸ್ ಹೊತ್ತಲ್ಲಿ ಇಡೀ ದಿನ ಕುಸ್ತಿ, ಅಳು ಧಾರಾವಾಹಿ, ಬೆಕ್ಕು! ಕಂಡಕಂಡೋರ ಜೊತೆ ಜಗಳ! ನೀವು ಕೆಲಸ ಯಾವಾಗ ಮಾಡಿದ್ರಿ?"

ಅಳತೆಯಪ್ಪ ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ತನ್ನ ಮನೆಗೆ ನುಗ್ಗಿದ. ನಡುಮನೆಯಲ್ಲಿ ಹೆಂಡತಿಯ ತಾಯಿ ಟ್ಯಾಬ್ಲೆಟ್ ಹಿಡಿದು ಕೂತಿದ್ದರು. ಪಾಸ್‌ವರ್ಡ್ ನೆನಪಿಡಲಾರರೆಂದು ಅವನೇ ಅದಕ್ಕೆ ತನ್ನ ಖಾತೆ ಹಾಕಿಕೊಟ್ಟಿದ್ದ.

"ಅತ್ತೆ! ಇದರಲ್ಲಿ ಕುಸ್ತಿ ನೋಡಿದ್ದು ಯಾರು?"

"ಡಾಕ್ಟರಪ್ಪ," ಎಂದರು ಅತ್ತೆ ಹೆಮ್ಮೆಯಿಂದ. "ಬೆಕ್ಕು ಜಡ್ಜ್ ತಾತಂದು, ಅಳು ಧಾರಾವಾಹಿ ಅಧ್ಯಕ್ಷೆಯದು. ಪಾಪ, ಅವರ ಫೋನಲ್ಲಿ ನೋಡೋ ಹಾಗಿಲ್ವಲ್ಲ, ದಿನಾ ನೀವು ಆಫೀಸಿಗೆ ಹೋದ್ಮೇಲೆ ಇಡೀ ಕಟ್ಟಡ ಸರದಿ ಮೇಲೆ ಬಂದು ಇಲ್ಲೇ ಕೂರ್ತಿತ್ತು. ನಮ್ಮ ಅಳಿಯಂದ್ರ ಅಳತೆ ಕೆಡಬಾರ್ದು ಅಂತ ನಾನೇ ಜಾಗ ಮಾಡಿಕೊಟ್ಟೆ."

ಅಳತೆಯಪ್ಪ ಲೆಕ್ಕ ಹಾಕಿದ. ನಿಜ ಹೇಳಿದರೆ ಸಂಯಮವೂ ಇಲ್ಲ, ಕಟ್ಟೆಯೂ ಇಲ್ಲ, ಮೇಡಂ ಸಿದ್ಧಾಂತ ನೀರುಪಾಲು. ಅವನ ಅಳತೆ ಸುಳ್ಳೆಂದು ಪೊಲೀಸರನ್ನು ಕರೆಸಿದರೂ ಕರೆಸಿಯಾರು. ಹೇಳದಿದ್ದರೆ ಅವನೇ ಸೋಮಾರಿ. ಅಳು ನುಂಗಿಕೊಂಡು ಫೋನು ಕಿವಿಗಿಟ್ಟ.

"ಹೌದು ಮೇಡಂ. ಎಲ್ಲಾ ನಾನೇ ನೋಡಿದ್ದು."

"ಕಾಯಂ ಮಾತು ಮರೆತುಬಿಡಿ. ಆದ್ರೆ ನಿಮ್ಮಂಥ ಸ್ಯಾಂಪಲ್ ನಮಗೆ ಇನ್ನೊಂದು ಸಿಗಲ್ಲ! ನಾಳೆಯಿಂದ ಆಫೀಸಿಗೆ ಬರ್ಬೇಡಿ. ಮನೇಲೇ ಕೂತು ಹೀಗೇ ನೋಡ್ತಾ ಇರಿ. ಇನ್ಮೇಲೆ ನಿಮ್ಮನ್ನ ನಾವು ಅಳೀತೀವಿ."

"ಸಂಬಳ?"

"ಅಳೆಸಿಕೊಳ್ಳೋರಿಗೆ ಯಾರಾದ್ರೂ ಸಂಬಳ ಕೊಡ್ತಾರೇನ್ರೀ? ನಿಮ್ಮ ಕಟ್ಟಡದೋರಿಗೆ ನೀವು ಕೊಟ್ರಾ?"

ಅವನು ಕುಸಿದು ಕೂತಾಗ ಬಾಗಿಲಲ್ಲಿ ಇಡೀ ಕಟ್ಟಡವೇ ನೆರೆದಿತ್ತು. "ಗೆದ್ದೆವಾ?" ಎಂದಳು ಅಧ್ಯಕ್ಷೆ. "ಕೆಲಸ ಕಾಯಂ ಆಯ್ತಾ?" ಎಂದರು ಡಾಕ್ಟರು.

"ಇಲ್ಲ. ನಾಳೆಯಿಂದ ನಾನು ದಿನವಿಡೀ ಮನೇಲೇ ಇರ್ಬೇಕಂತೆ," ಎಂದ ಅಳತೆಯಪ್ಪ, ತಲೆ ಮೇಲೆ ಕೈ ಹೊತ್ತುಕೊಂಡು.

ಎಲ್ಲರ ಮುಖವೂ ಸಪ್ಪಗಾಯಿತು. ಅವರ ದುಃಖ ಕಂಡು ಅವನ ಮನಸ್ಸು ಕರಗಿಯೇಹೋಯಿತು. ಎಂಥ ಒಳ್ಳೆಯ ಜನ ಎಂದುಕೊಳ್ಳುವಷ್ಟರಲ್ಲಿ ಜಡ್ಜ್ ತಾತ ಗಂಟಲು ಸರಿಮಾಡಿಕೊಂಡರು.

"ಅಲ್ಲಪ್ಪಾ, ನೀನು ಮನೇಲೇ ಇದ್ರೆ ನಾವೆಲ್ಲ ಎಲ್ಲಿ ಕೂತ್ಕೊಳ್ಳೋದು?"